ವ್ಯಾನ್ ಇಲ್ಲದ ಯೋಜನೆ

ಜೂನ್ 3, ಸೋಮವಾರ

ಅರವತ್ತನೇ ವಯಸ್ಸಿಗೆ ಬೆಂಚಿನ ಮೇಲೆ ಕೂತು ಪಾಠ ಕೇಳಿ ಬಂದೆ. ಎಲ್ಲರಿಗೂ ಒಂದೊಂದು ನೋಟ್‌ಬುಕ್ ಕೊಟ್ಟರು, ಟಿಪ್ಪಣಿ ಬರೆದುಕೊಳ್ಳಿ ಅಂತ. ಟಿಪ್ಪಣಿಗೆ ನನ್ನ ಹತ್ತಿರ ಹಳೇ ಟ್ರಿಪ್ ಹಾಳೆಗಳು ಬೇಕಾದಷ್ಟಿವೆ. ಈ ನೋಟ್‌ಬುಕ್ ನನಗೇ ಇರಲಿ. ಮೂವತ್ತೊಂದು ವರ್ಷ ಕಂಡಕ್ಟರ್ ಆಗಿ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಕೇಳುವ ಹಾಗೆ ಕೂಗಿದವಳು ನಾನು. ನಿವೃತ್ತಿಯಾಗಿ ಮೂರು ತಿಂಗಳಾಯ್ತು, ಕೂಗೋಕೆ ಜಾಗ ಸಿಗದೆ ಗಂಟಲು ಕಡಿಯುತ್ತಿದೆ.

ವಿಷಯ ಅಕ್ಕನದು. ಅವಳ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಯ್ತು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು. ಕಳೆದ ತಿಂಗಳು ಮೂರು ಶನಿವಾರ ತಪ್ಪಿಸಿದ್ದಾಳೆ. ಡಾಕ್ಟರು ನನ್ನನ್ನು ಕರೆಸಿ, ಮೈಯಲ್ಲಿ ನೀರು ನಿಂತು ಹೃದಯ ಸೋಲುತ್ತಿದೆ, ಇನ್ನೆರಡು ತಿಂಗಳು ಹೀಗೇ ನಡೆದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಅಂದರು. ಮನೆಗೆ ಬಂದು ಕೇಳಿದರೆ, "ಬಸ್ ಸಿಗಲಿಲ್ಲ ಕಣೇ" ಅಂತಾಳೆ ಮಹರಾಯ್ತಿ. ಯಾರ ಹತ್ತಿರ? ನನ್ನ ಹತ್ತಿರ. ಮೈಯೆಲ್ಲ ಉರಿದುಹೋಯ್ತು. ಜೊತೆಗೆ ಬರ್ತೀನಿ ಅಂದರೆ, ನಾನೇನು ಎಳೇ ಮಗುವಾ ಅಂತ ಮುಖ ಊದಿಸುತ್ತಾಳೆ.

ಅದಕ್ಕೇ ವ್ಯಾನ್. ತಿಳಿ ನೀಲಿ ಬಣ್ಣ, ಹನ್ನೆರಡು ಸೀಟು, ಕಿಟಕಿಗೆ ಪರದೆ. ಮನೆ ಮನೆಗೆ ಹೋಗಿ ರೋಗಿಗಳನ್ನು ಹತ್ತಿಸಿಕೊಂಡರೆ ಬಸ್ ಸಿಗಲಿಲ್ಲ ಅನ್ನೋ ಮಾತೇ ಇಲ್ಲ. ರೋಗಿಗಳಿಗೆ ನೆರವಾಗುವ ನಮ್ಮ ಪುಟ್ಟ ಸಂಘದಲ್ಲಿ ಇರುವುದೇ ಒಂಬತ್ತು ಜನ. ಅಧ್ಯಕ್ಷರು ಆಸ್ಪತ್ರೆ ಎದುರಿನ ತಮ್ಮ ಔಷಧಿ ಅಂಗಡಿಗೆ ಬಾಗಿಲು ಹಾಕಿ ಮನೆಯಲ್ಲಿ ಕೂತ ಅಜ್ಜ. ಒಂದು ದತ್ತಿ ನಿಧಿಯವರು ನಮ್ಮಂಥ ಸಂಘಗಳಿಗೆ ಆರು ಸೋಮವಾರ ಯೋಜನೆ ಮಾಡೋದು ಕಲಿಸಿ, ಚೆನ್ನಾಗಿ ಬರೆದವರಿಗೆ ನೆರವು ಕೊಡುತ್ತಾರಂತೆ. ಅಜ್ಜನಿಗೆ ಸಣ್ಣಕ್ಷರ ಕಾಣಲ್ಲ, ನನ್ನನ್ನು ಕಳಿಸಿದರು. ಹತ್ತೊಂಬತ್ತು ವರ್ಷ ನನ್ನ ಜೊತೆ ಒಂದೇ ರೂಟಿನಲ್ಲಿ ಬಸ್ ಓಡಿಸಿದ ಡ್ರೈವರಣ್ಣನಿಗೆ ಫೋನ್ ಮಾಡಿ, ಸ್ಟೀರಿಂಗ್ ನಿಂದೇ ಕಣಣ್ಣ ಅಂತ ಹೇಳಿಯೂ ಬಿಟ್ಟೆ.

ಪಾಠ ಹೇಳುವವನು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಸಣ್ಣ ವಯಸ್ಸಿನವನು. ಎಲ್ಲರೂ ತಮ್ಮ ಪರಿಚಯ ಹೇಳಿ ಅಂದ. ನಾನು ನನ್ನ ಹಳೇ ವಾಂತಿ ಕಥೆ ಹೇಳಿದೆ. ತುಂಬಿದ ಬಸ್ಸಿನಲ್ಲಿ ಒಬ್ಬ ವಾಂತಿ ಶುರು ಮಾಡಿದಾಗ ಅವನನ್ನೂ ಅವನ ಚೀಲವನ್ನೂ ಇಳಿಸಿ, "ಬಾಕಿ ಇಲ್ಲೇ ಮುಗಿಸಿ ಸ್ವಾಮಿ" ಅಂತ ಬೆಲ್ ಹೊಡೆದದ್ದು, ಇಡೀ ಬಸ್ಸು ಚಪ್ಪಾಳೆ ತಟ್ಟಿದ್ದು. ಕೈ ಆಡಿಸಿ ಹೇಳಿದರೆ ಈ ಕಥೆ ಎಲ್ಲೂ ಸೋತಿಲ್ಲ, ಇವತ್ತೂ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೆನ್ಸಿಲ್ ಮೇಷ್ಟ್ರು ಮಾತ್ರ, ಆಮೇಲೆ ಅವರು ಹೇಗೆ ಹೋದರು ಅಂತ ಕೇಳಿದ. ಯಾರಿಗೆ ಗೊತ್ತು, ಸರ್ವಿಸ್‌ನಲ್ಲಿ ಅದನ್ನೆಲ್ಲ ನೋಡ್ತಾ ಕೂರೋಕಾಗುತ್ತಾ ಅಂದೆ.

ಜೂನ್ 10, ಸೋಮವಾರ

ಇವತ್ತು ಗೋಡೆ ತುಂಬ ಕಂದು ಕಾಗದ ಅಂಟಿಸಿ ಒಂದು ಮರ ಬರೆದಿದ್ದರು. ಕಾಂಡಕ್ಕೆ ನಮ್ಮ ಸಮಸ್ಯೆ, ಬೇರಿಗೆ ಅದರ ಕಾರಣ, ಕೊಂಬೆಗೆ ಅದರಿಂದ ಆಗುವ ಕಷ್ಟ, ಎಲ್ಲವನ್ನೂ ಚೀಟಿಯಲ್ಲಿ ಬರೆದು ಅಂಟಿಸಬೇಕು. ನಾನು ದಪ್ಪ ಅಕ್ಷರದಲ್ಲಿ "ರೋಗಿಗಳಿಗೆ ವ್ಯಾನ್ ಇಲ್ಲ" ಅಂತ ಬರೆದು ಎಲ್ಲರಿಗಿಂತ ಮೊದಲು ಹೋಗಿ ಕಾಂಡಕ್ಕೆ ಅಂಟಿಸಿದೆ. ಮೇಷ್ಟ್ರು ಬಂದು ಕಿತ್ತು ನನ್ನ ಕೈಗೇ ಕೊಟ್ಟ.

"ಇದು ಸಮಸ್ಯೆ ಅಲ್ಲ ಮೇಡಂ. ನೀವು ತರಬೇಕು ಅಂದ್ಕೊಂಡಿರೋ ವಸ್ತುವಿಗೆ 'ಇಲ್ಲ' ಸೇರಿಸಿದ್ದೀರಿ ಅಷ್ಟೇ. ಯಾರಿಗೆ ಏನು ತೊಂದರೆ ಆಗ್ತಿದೆ, ಅದನ್ನ ಬರೀರಿ."

ಮುಖಕ್ಕೆ ಹೊಡೆದ ಹಾಗಾಯ್ತು. ಆಮೇಲೆ ನೋಡಿದರೆ ಪಕ್ಕದವರ "ಕಂಪ್ಯೂಟರ್ ಇಲ್ಲ" ಹೋಯ್ತು, ಅವರ ಪಕ್ಕದವರ "ಹೊಲಿಗೆ ತರಬೇತಿ ಇಲ್ಲ" ಹೋಯ್ತು. ಕೋಣೆಯಲ್ಲಿ ಒಂದು 'ಇಲ್ಲ'ವನ್ನೂ ಉಳಿಸಲಿಲ್ಲ. ಆಗ ಸ್ವಲ್ಪ ಸಮಾಧಾನವಾಯ್ತು. "ಡಯಾಲಿಸಿಸ್ ರೋಗಿಗಳು ಚಿಕಿತ್ಸೆ ತಪ್ಪಿಸುತ್ತಿದ್ದಾರೆ" ಅಂತ ಹೊಸ ಚೀಟಿ ಬರೆದೆ. ಅದು ನಿಂತಿತು. ಬೇರಿಗೆ "ಬಸ್ ಸಿಗಲ್ಲ" ಅಂಟಿಸಿದೆ. ನಿಮಗೆ ಹೇಗೆ ಗೊತ್ತು ಅಂದ. ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತಪ್ಪ ಅಂದೆ. ನಕ್ಕು, ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಗುರುತು ಹಾಕಿ ಹೋದ. ಹಾಕಲಿ. ನಾನು ಲೆಕ್ಕ ತಂದು ಮುಂದಿಡುತ್ತೇನೆ.

ಜೂನ್ 13, ಗುರುವಾರ

ಗೆದ್ದೆ. ಆಸ್ಪತ್ರೆಯಲ್ಲಿ ಬೆಳಗಿನ ಪಾಳಿಯ ಇಪ್ಪತ್ತಮೂರು ರೋಗಿಗಳನ್ನೂ ಮಾತಾಡಿಸಿ ಬಂದೆ. ವ್ಯಾನ್ ಇದ್ದರೆ ತಪ್ಪದೆ ಬರ್ತೀರಾ ಅಂತ ಕೇಳಿದೆ. ಇಪ್ಪತ್ತಮೂರಕ್ಕೆ ಇಪ್ಪತ್ತಮೂರೂ ಹೂಂ. ಒಬ್ಬರು ನನ್ನ ಕೈಯನ್ನೇ ಹಿಡಿದುಕೊಂಡರು. ಅಕ್ಕನೂ ಅವಳ ಹಾಸಿಗೆಯಿಂದ ಹೂಂ ಅಂದಳು. ಸಂಜೆ ಡ್ರೈವರಣ್ಣ ಕನ್ನಡಕದ ನಂಬರು ಬದಲಾಯಿಸಿಕೊಂಡು ಬಂದಿದ್ದ, ಹೊಸ ಗಾಡಿಗೆ ಹೊಸ ಕಣ್ಣು ಬೇಕಲ್ಲ ಅಂತ. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಜೂನ್ 17, ಸೋಮವಾರ

"ಹಾಗೆ ಕೇಳಿದ್ರೆ ನಾನೂ ಹೂಂ ಅಂತೀನಿ ಮೇಡಂ" ಅಂದ ಮೇಷ್ಟ್ರು. "ನನಗೆ ಕಿಡ್ನಿ ಸರಿಯಾಗೇ ಇದೆ."

ಕೋಣೆಯೆಲ್ಲ ನಕ್ಕಿತು. ಬೇಡುವ ಸ್ಥಿತಿಯಲ್ಲಿರುವವರ ಮುಂದೆ ಒಂದು ವಸ್ತು ಹಿಡಿದು ಬೇಕಾ ಅಂದರೆ ಬೇಡ ಅಂತ ಯಾರೂ ಹೇಳಲ್ಲವಂತೆ. ಅಷ್ಟು ಓಡಾಟವೆಲ್ಲ ನೀರಲ್ಲಿ ಹೋಮವಾಯ್ತು. ಬರುವ ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೆ.

ಜೂನ್ 18, ಮಂಗಳವಾರ

ಅಕ್ಕ ಆಸ್ಪತ್ರೆಗೆ ಹೋದಳು. ಬರೆಯುವಂಥದ್ದು ಬೇರೇನೂ ಆಗಲಿಲ್ಲ.

ಜೂನ್ 22, ಶನಿವಾರ

ಅಕ್ಕ ಆರು ಗಂಟೆಗೆ ಚೀಲ ಹಿಡಿದು ಹೊರಟಳು, ಒಂದು ಗಂಟೆಗೆ ವಾಪಸು ಬಂದಳು. ಎಲ್ಲ ಆಯ್ತಾ ಅಂದರೆ ಆಯ್ತು ಅಂದಳು. ಅವಳು ಚಪ್ಪಲಿ ಬಿಡುವ ಮೊದಲೇ ಆಸ್ಪತ್ರೆಯ ನರ್ಸ್ ಫೋನ್ ಬಂತು, ನಿಮ್ಮಕ್ಕ ಇವತ್ತೂ ಬರಲಿಲ್ಲ ಅಂತ. ಅಷ್ಟು ಹೊತ್ತೂ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದಳಂತೆ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ, ಸಾಯೋಕೆ ಅಷ್ಟೊಂದು ಆಸೆಯಾ ಅಂತಲೂ ಅಂದೆ. ಅವಳು ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಬೆರಳಿಂದ ಒತ್ತಿದರೆ ಕಾಲಲ್ಲಿ ಗುಳಿ ಬಿದ್ದು ಹಾಗೇ ಉಳಿಯುತ್ತೆ. ನನಗೆ ಭಯವಾಗುತ್ತಿದೆ.

ನರ್ಸನ್ನೇ ಕೇಳಿಕೊಂಡು ನಾಳೆ ಬೆಳಿಗ್ಗೆ ಒಂದು ಮೆಷಿನ್ ಬಿಡಿಸಿದ್ದೇನೆ. ನಾನೇ ಕರೆದುಕೊಂಡು ಹೋಗುತ್ತೇನೆ, ಆಟೋದಲ್ಲಿ.

ಜೂನ್ 24, ಸೋಮವಾರ

ತರಗತಿಗೆ ಹೋಗುವ ಮನಸ್ಸಿರಲಿಲ್ಲ, ಹೋದದ್ದು ಒಳ್ಳೆಯದಾಯ್ತು. ಇವತ್ತಿನ ಪಾಠ ಕೇಳುವುದು ಹೇಗೆ ಅಂತ. ವ್ಯಾನ್, ಬಸ್ಸು, ಮಾತ್ರೆ ಯಾವುದರ ಹೆಸರನ್ನೂ ಎತ್ತಬಾರದು. ತಪ್ಪಿಸಿದ ಆ ಒಂದು ದಿನ ಬೆಳಿಗ್ಗೆ ಎದ್ದಾಗಿಂದ ಏನೇನಾಯ್ತು, ಒಂದೊಂದಾಗಿ ಹೇಳಿ ಅನ್ನಬೇಕು. ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಎದುರಿನವರು ಸುಮ್ಮನಾದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಇಬ್ಬಿಬ್ಬರಾಗಿ ಅಭ್ಯಾಸ ಮಾಡಿಸಿದ. ನಾನು ನಾಲ್ಕಕ್ಕೇ ಬಾಯಿ ಹಾಕಿದೆ. ಎರಡನೇ ಸಲ ಆರು. ನನ್ನ ಜೊತೆಯಾಗಿದ್ದ ಹೊಲಿಗೆ ಸಂಘದವಳು, ನಿಮ್ಮ ಮುಖ ನೋಡಿದರೇ ನನಗೆ ಉತ್ತರ ಮರೆತುಹೋಗುತ್ತೆ ಮೇಡಂ ಅಂದಳು.

ಮನೆಯಲ್ಲಿ ಗಡಿಯಾರದ ಮುಂದೆ ಕೂತು ಅಭ್ಯಾಸ ಮಾಡಿದೆ. ಅಕ್ಕ ಅಡುಗೆಮನೆಯಿಂದ ಇಣುಕಿ, ಇವಳಿಗೇನಾಯ್ತು ಅನ್ನುವ ಹಾಗೆ ನೋಡಿ ಹೋದಳು.

ಜೂನ್ 27, ಗುರುವಾರ

ಏನು ದಿನ ಇವತ್ತು. ಆಸ್ಪತ್ರೆಯಲ್ಲಿ, ಚಿಕಿತ್ಸೆ ತಪ್ಪಿಸಿದ್ದ ಹದಿನಾಲ್ಕು ಜನರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ, ಅಕ್ಕನ ಹತ್ತಿರ ಮಾತ್ರ ಹೋಗಲಿಲ್ಲ. ಎಣಿಸಿದೆ, ಎಣಿಸಿದೆ, ನಾಲಿಗೆ ಕಚ್ಚಿಕೊಂಡು ಕೂತೆ. ಒಂಬತ್ತಕ್ಕೆ ಒಬ್ಬರು ಬಾಯಿ ಬಿಟ್ಟರು, ಆಮೇಲೆ ನಿಲ್ಲಿಸಲೇ ಇಲ್ಲ. ಟೈಲರ್ ಒಬ್ಬರು ಗೇಟಿನ ಮೆಟ್ಟಿಲ ಮೇಲೆ ಒಂದೂವರೆ ಗಂಟೆ ತಲೆ ಹಿಡಿದು ಕೂತಿದ್ದನ್ನು ಹೇಳಿದರು. ಪಾಠ ಬಿಟ್ಟು ಮನೆಯಲ್ಲಿರುವ ಟೀಚರ್ ಒಬ್ಬರು ಚಳಿ ಹತ್ತಿ ಹಲ್ಲು ಕಟಕಟ ಅಂದಿದ್ದನ್ನು ಹೇಳಿದರು.

ಮನೆಗೆ ಬಂದು ಹಾಳೆಗಳನ್ನು ನೆಲದ ಮೇಲೆ ಹರಡಿದೆ. ಹದಿನಾಲ್ಕರಲ್ಲಿ ಹನ್ನೊಂದು ಜನ ಆಸ್ಪತ್ರೆಗೆ ಹೋಗುವ ದಾರಿಯ ಮಾತೇ ಎತ್ತಿಲ್ಲ. ಬೆಳಿಗ್ಗೆ ಎದ್ದಾಗಿಂದ ಅಂತ ನಾನು ಕೇಳಿದರೂ ಅವರ ಕಥೆ ಶುರುವಾಗುವುದು ಮೆಷಿನ್‌ನಿಂದ ಇಳಿಸಿದ ಮೇಲೆ. ಮುಂದಿನ ಪಾಳಿಯವರು ಕಾಯುತ್ತಿರುತ್ತಾರೆ, ಹಾಸಿಗೆ ಬಿಡಬೇಕು. ತಲೆ ಸುತ್ತು, ವಾಂತಿ, ಕಾಲಿಗೆ ಸೆಳೆತ. ಕೂರೋಕೆ ಜಾಗವಿಲ್ಲ. ಶನಿವಾರ ವಾಪಸು ಹೋಗುವ ಬಸ್ಸಲ್ಲಿ ರಶ್ಶು ಜಾಸ್ತಿ, ಅದಕ್ಕೆ ಶನಿವಾರವೇ ತಪ್ಪಿಸುತ್ತಾರೆ. ನಾನು ಇಷ್ಟು ದಿನ ಉಲ್ಟಾ ದಾರಿಗೆ ಟಿಕೆಟ್ ಕೊಡುತ್ತಿದ್ದೆ. ಸೋಮವಾರ ಯಾವಾಗ ಬರುತ್ತೋ.

ಜೂನ್ 30, ಭಾನುವಾರ

ನಿನ್ನೆ ಅವಳ ಜೊತೆ ನಾನೇ ಆಸ್ಪತ್ರೆಗೆ ಹೋಗಿ ಬಂದೆ, ಬೇಡ ಅನ್ನಲಿಲ್ಲ. ಇವತ್ತು ಮಧ್ಯಾಹ್ನ ಇಬ್ಬರೂ ಒಗೆದ ಬಟ್ಟೆ ಮಡಿಸುತ್ತಿದ್ದೆವು. "ಅಕ್ಕ, ಮೊದಲನೇ ಸಲ ತಪ್ಪಿಸಿದೆಯಲ್ಲ, ಅದರ ಹಿಂದಿನ ಶನಿವಾರ ಏನೇನಾಯ್ತು ಹೇಳ್ತೀಯಾ?" ಅಂದೆ. ಸುಮ್ಮನಾದಳು. ಹತ್ತು ಎಣಿಸಿದೆ. ಇಪ್ಪತ್ತಾಯ್ತು. ದಿಂಬಿನ ಕವರನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಆಮೇಲೆ ಹೇಳಿದಳು.

ಅವತ್ತು ಹನ್ನೊಂದಕ್ಕೆ ಇಳಿಸಿದರಂತೆ. ಬಸ್ಸಿನಲ್ಲಿ ಕಾಲಿಡೋಕೆ ಜಾಗವಿರಲಿಲ್ಲ, ನಿಂತೇ ಇದ್ದಳಂತೆ. ಕಣ್ಣು ಕತ್ತಲೆಯಾಗಿ ಪಕ್ಕದವರ ಬಟ್ಟೆ ಮೇಲೇ ವಾಂತಿಯಾಯ್ತಂತೆ. ಕಂಡಕ್ಟರ್ ಸೇತುವೆಯ ತುದಿಯಲ್ಲಿ ಬಸ್ ನಿಲ್ಲಿಸಿ ಇಳಿಸಿಬಿಟ್ಟನಂತೆ. ಕಲ್ಲಿನ ಮೇಲೆ ಕೂತು ಚೀಲದಲ್ಲಿದ್ದ ನೀರಲ್ಲಿ ಮುಖ ತೊಳೆದುಕೊಂಡು, ನಡೆದು ಬಂದಳಂತೆ.

ನನಗ್ಯಾಕೆ ಹೇಳಲಿಲ್ಲ ಅಂದೆ. ಮತ್ತೆ ಎಣಿಸಿದೆ.

"ನೀನು ಆ ಕಥೆ ಎಷ್ಟು ಸಲ ಹೇಳಿದ್ದೀಯ" ಅಂದಳು. "ನಾನೂ ನಕ್ಕಿದ್ದೀನಿ."

ನನ್ನ ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು. ಅವಳು ನನ್ನ ಮೇಲೆ ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟ. ಆ ಮನುಷ್ಯನನ್ನು ಯಾವ ಸ್ಟಾಪಿನಲ್ಲಿ ಇಳಿಸಿದೆ ಅಂತ ನೆನಪು ಮಾಡಿಕೊಳ್ಳೋಕೆ ನೋಡಿದೆ. ಆಗಲಿಲ್ಲ. ಅದು ಸ್ಟಾಪೇ ಅಲ್ಲ ಅಂತ ಮಾತ್ರ ನೆನಪಿದೆ. ಕ್ಷಮಿಸು ಅಕ್ಕ ಅಂದೆ. ಬಟ್ಟೆ ಮಡಿಸು ಅಂದಳು.

ಜುಲೈ 1, ಸೋಮವಾರ

ತರಗತಿಯಲ್ಲಿ ಎದ್ದು ಹೋಗಿ "ಬಸ್ ಸಿಗಲ್ಲ" ಚೀಟಿಯನ್ನು ನನ್ನ ಕೈಯಾರೆ ಕಿತ್ತೆ. "ಹನ್ನೊಂದು ಗಂಟೆಗೆ ಇಳಿಸಿದ ಮೇಲೆ ಸುಧಾರಿಸಿಕೊಳ್ಳೋಕೆ ಜಾಗ ಇರಲ್ಲ, ನೋಡಿಕೊಳ್ಳೋರು ಇರಲ್ಲ" ಅಂತ ಬರೆದು ಅಂಟಿಸಿದೆ. ಅದರಲ್ಲೂ ಎರಡು 'ಇಲ್ಲ' ಇದೆಯಲ್ಲ ಅಂತ ಹೊಲಿಗೆ ಸಂಘದವಳು ಕೆಣಕಿದಳು. ಮೇಷ್ಟ್ರು ಕಿತ್ತುಹಾಕಲಿಲ್ಲ. ಇದರ ಹಿಂದೆ ಹದಿನಾಲ್ಕು ಜನರ ಮಾತು ಇರುವುದರಿಂದ ಇದು ಉಳಿಯಲಿ ಅಂದ. ನಾನು ಹದಿನೈದು ಅಂದೆ.

ಪರಿಹಾರ ಏನು ಅಂತ ಯೋಚಿಸೋಕೆ ಹತ್ತು ನಿಮಿಷ ಕೊಟ್ಟ. ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಟ್ರಿಪ್ ಮುಗಿಸಿ ಬಂದರೆ ನಮಗೆ ಡಿಪೋದಲ್ಲಿ ರೆಸ್ಟ್ ರೂಮ್ ಇತ್ತು. ಸಾಲಾಗಿ ಮಂಚ, ಒಂದು ಫ್ಯಾನು, ನೀರಿನ ಹೂಜಿ. ಒಂದು ಗಂಟೆ ಕಾಲು ಚಾಚಿ ಮಲಗಿದರೆ ಮುಂದಿನ ಟ್ರಿಪ್ಪಿಗೆ ಮನುಷ್ಯರಾಗುತ್ತಿದ್ದೆವು. ಮೂವತ್ತೊಂದು ವರ್ಷ ಅದರಲ್ಲೇ ಮಲಗಿ ಎದ್ದವಳಿಗೆ ಇದು ಹೊಳೆದಿರಲಿಲ್ಲ ನೋಡು. ಆಸ್ಪತ್ರೆ ಎದುರಿಗೇ ನಮ್ಮ ಅಧ್ಯಕ್ಷರ ಮುಚ್ಚಿದ ಅಂಗಡಿ ಇದೆ. ತರಗತಿಯಿಂದ ನೇರ ಅಜ್ಜನ ಮನೆಗೆ ಓಡಿದೆ. ಬೀಗದ ಕೈ ಹುಡುಕೋಕೆ ಅರ್ಧ ಗಂಟೆ ಹಿಡಿಯಿತು, ಹೂಂ ಅನ್ನೋಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಜುಲೈ 3, ಬುಧವಾರ

ಡ್ರೈವರಣ್ಣನಿಗೆ ವ್ಯಾನ್ ಇಲ್ಲ ಅಂತ ಹೇಳಿದೆ. ಕನ್ನಡಕ ತೆಗೆದು ಒರೆಸಿದ. ಏನಾದರೂ ಸಮಾಧಾನ ಹೇಳಬೇಕು ಅಂತ ಬಾಯಿ ತೆರೆದವಳು ಮುಚ್ಚಿಕೊಂಡೆ. ಸುಮಾರು ಹೊತ್ತಾದ ಮೇಲೆ, ಡಿಪೋದ ರೆಸ್ಟ್ ರೂಮಿನ ಹಳೇ ಮಂಚ ಎರಡು ಹಿತ್ತಲಲ್ಲಿ ಬಿದ್ದಿವೆ, ಕೇಳಿ ತರಲಾ ಅಂದ. ಸಂಜೆ ಐದಕ್ಕೆ ಗೂಡ್ಸ್ ಆಟೋದಲ್ಲಿ ತಂದೇಬಿಟ್ಟ, ಓಡಿಸಿದವನು ಅವನೇ.

ಜುಲೈ 8, ಸೋಮವಾರ

ಕೊನೆಯ ತರಗತಿ. ಶನಿವಾರದ ನಮ್ಮ ಪ್ರಯೋಗದ ಲೆಕ್ಕ ಓದಿದೆ. ಜೂನ್ ತಿಂಗಳಲ್ಲಿ ಶನಿವಾರ ತಪ್ಪಿಸಿದವರು ಆರು, ಆರು, ಏಳು, ಏಳು, ಆರು. ಎರಡು ಮಂಚ, ಎರಡು ಬಕೆಟ್, ಒಂದು ಕಂಬಳಿ, ನಾನು ಇಷ್ಟು ಸೇರಿದ ಮೇಲೆ ನಾಲ್ಕು. ಅಕ್ಕ ಮುಕ್ಕಾಲು ಗಂಟೆ ಮಲಗಿ, ಕಡಿಮೆ ಜನ ಇರುವ ಹನ್ನೆರಡರ ಬಸ್ಸಿಗೆ ಹೊರಟಳು. ಆಸ್ಪತ್ರೆಯವರೂ ಒಪ್ಪಿ, ರೋಗಿಗಳನ್ನು ಇಳಿಸುವಾಗ ಬಿಪಿ ನೋಡಿಯೇ ನಮ್ಮ ಕಡೆ ಕಳಿಸುತ್ತಾರೆ. ಎಷ್ಟು ಮಂಚ ಹಾಕಿದೆವು ಅನ್ನುವುದನ್ನು ಯೋಜನೆಯ ಗೆಲುವು ಅಂತ ಬರೆಯಬೇಡಿ ಅಂತ ಮೇಷ್ಟ್ರು ಆರು ವಾರದಿಂದ ಬಡಿದುಕೊಳ್ಳುತ್ತಿದ್ದಾನೆ. ನಾನು ಬರೆದದ್ದು ಒಂದೇ ಸಾಲು: ಶನಿವಾರ ಎಷ್ಟು ಜನ ತಪ್ಪಿಸಲಿಲ್ಲ. ಅವನು ಕಿವಿಯ ಪೆನ್ಸಿಲ್ ತೆಗೆದು ನನಗೇ ಕೊಟ್ಟುಬಿಟ್ಟ. ಪದಕ ಸಿಕ್ಕಿದ್ದರೂ ಇಷ್ಟು ಖುಷಿಯಾಗುತ್ತಿರಲಿಲ್ಲ.

ಜುಲೈ 15, ಸೋಮವಾರ

ನಿಧಿಯವರ ಮುಂದೆ ನಿಂತು ಬಂದೆ. ಮೂರು ಜನ ಕೂತಿದ್ದರು. ಹದಿನೈದು ಜನರ ಮಾತು, ಶನಿವಾರದ ಲೆಕ್ಕ, ಆರು ಮಂಚ, ವಾರಕ್ಕೆ ಮೂರು ದಿನ ನೋಡಿಕೊಳ್ಳುವ ಒಬ್ಬ ತರಬೇತಾದ ಹೆಂಗಸು, ಒಂದು ವರ್ಷ. ಉಸಿರು ಬಿಡದೆ ಹೇಳಿದೆ. ಮೊನ್ನೆ ಶನಿವಾರ ತಪ್ಪಿಸಿದವರು ಇಬ್ಬರೇ ಅಂತಲೂ ಹೇಳಿದೆ.

ನಡುವೆ ಕೂತಿದ್ದ ಟೈ ಕಟ್ಟಿದವರು ತಲೆದೂಗಿದರು. ಕೆಲಸ ಒಳ್ಳೆಯದೇ, ಆದರೆ ಮುಚ್ಚಿದ ಅಂಗಡಿಯೊಳಗಿನ ಮಂಚ ಯಾರ ಕಣ್ಣಿಗೂ ಬೀಳಲ್ಲ ಅಂದರು. "ನೀವು ಇದನ್ನ ವ್ಯಾನ್ ಅಂತ ಬದಲಾಯಿಸಿ ಕೊಡಿ. ಎರಡೂ ಕಡೆ ನಮ್ಮ ಹೆಸರಿರುತ್ತೆ. ಮುಂದಿನ ತಿಂಗಳೇ ಕೊಡ್ತೀವಿ."

ತಿಳಿ ನೀಲಿ, ಹನ್ನೆರಡು ಸೀಟು, ಪರದೆ, ಎಲ್ಲ ಕಣ್ಣ ಮುಂದೆ ಬಂದು ನಿಂತಿತು. ಹಿಂದೆ ಕೂತಿದ್ದ ಡ್ರೈವರಣ್ಣ ನೆಟ್ಟಗಾದದ್ದು ತಿರುಗಿ ನೋಡದೆಯೇ ನನಗೆ ಗೊತ್ತಾಯ್ತು. ಹೂಂ ಅಂದಿದ್ದರೆ ಮುಗಿದಿತ್ತು.

"ವ್ಯಾನ್ ಕೊಟ್ರೆ ಬೆಳಿಗ್ಗೆ ಎಲ್ಲರನ್ನೂ ಕರ್ಕೊಂಡು ಬರ್ತೀನಿ ಸರ್" ಅಂದೆ. "ಹನ್ನೊಂದಕ್ಕೆ ವಾಂತಿ ಬರೋರನ್ನ ಮತ್ತೆ ಚಕ್ರದ ಮೇಲೇ ಕೂರಿಸಬೇಕಾಗುತ್ತೆ. ನನಗೆ ಅಲುಗಾಡದೇ ಇರೋದು ಬೇಕು. ಅದನ್ನ ಕೊಡೋಕಾಗಲ್ಲ ಅಂದ್ರೆ, ವ್ಯಾನ್ ಬೇಡ."

ಪತ್ರ ಕಳಿಸುತ್ತೇವೆ ಅಂದರು. ಹೊರಗೆ ಬಂದಾಗ ಡ್ರೈವರಣ್ಣ ಟೀ ಕೊಡಿಸಿದ. ನೀನು ಬೇಡ ಅನ್ನದೆ ಹೋಗಿದ್ದರೆ ನಾನೇ ಎದ್ದು ಬೇಡ ಅಂತಿದ್ದೆ ಅಂದ. ಸುಳ್ಳು ಅಂತ ಇಬ್ಬರಿಗೂ ಗೊತ್ತು.

ಜುಲೈ 25, ಗುರುವಾರ

ಪತ್ರ ಬಂತು. ನಾಲ್ಕು ಮಂಚ, ಒಬ್ಬ ಹೆಂಗಸು, ಒಂದು ವರ್ಷ. ಬಾಗಿಲಿನಷ್ಟೇ ಅಗಲದ ಬೋರ್ಡಿನಲ್ಲಿ ಅವರ ಹೆಸರು ಹಾಕಬೇಕಂತೆ. ಹಾಕಿಕೊಳ್ಳಲಿ, ಛಾವಣಿಗೂ ಬರೆದುಕೊಳ್ಳಲಿ. ಅಜ್ಜ ಭೂತಗನ್ನಡಿ ಹಿಡಿದು ಮೂರು ಸಲ ಓದಿ, ಮೂರೂ ಸಲ ನನಗೆ ಓದಿ ಹೇಳಿದರು. ಡಾಕ್ಟರು ಅಕ್ಕನ ಕಾಲು ಒತ್ತಿ ನೋಡಿ, ಊತ ಇಳಿದಿದೆ, ಹೀಗೇ ಬರುತ್ತಿರಲಿ ಅಂದರು. ರಸ್ತೆಯಲ್ಲಿ ಕುಣಿಯುವುದೊಂದು ಬಾಕಿ.

ಜುಲೈ 27, ಶನಿವಾರ

ಇವತ್ತು ತಪ್ಪಿಸಿದವರು ಯಾರೂ ಇಲ್ಲ. ಹಳಬರು ಇಪ್ಪತ್ತಮೂರಕ್ಕೆ ಇಪ್ಪತ್ತಮೂರು. ಮೇಷ್ಟ್ರ ಪೆನ್ಸಿಲ್‌ನಲ್ಲೇ ಬರೆದೆ.

ಹನ್ನೊಂದೂಕಾಲಿಗೆ ನರ್ಸ್ ಹೊಸಬರೊಬ್ಬರನ್ನು ಕರೆದುಕೊಂಡು ಬಂದರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು, ಈ ವಾರವಷ್ಟೇ ಡಯಾಲಿಸಿಸ್ ಶುರುವಾಗಿದೆ. ಮಂಚದ ಅಂಚಿಗೆ ಕೂತು, ಬಾಯಿಗೆ ಕರವಸ್ತ್ರ ಒತ್ತಿಕೊಂಡು, ನೆಲ ಗಲೀಜಾದರೆ ಅಂತ ಹೆದರುತ್ತಿದ್ದರು. ನಾನು ಬಕೆಟ್ ಹಿಡಿದು ಪಕ್ಕದಲ್ಲಿ ನಿಂತೆ. ಪಕ್ಕದ ಮಂಚದಿಂದ ಅಕ್ಕ ಮೊಣಕೈ ಊರಿ ಎದ್ದಳು.

"ಒಬ್ಬಳು ಕಂಡಕ್ಟರ್ ಇದ್ದಳಮ್ಮ" ಅಂತ ಶುರು ಮಾಡಿದಳು.

ನನ್ನ ಕಥೆ. ಕೈ ಆಡಿಸುವುದು, ಬೆಲ್ ಹೊಡೆಯುವುದು, "ಬಾಕಿ ಇಲ್ಲೇ ಮುಗಿಸಿ ಸ್ವಾಮಿ", ಎಲ್ಲ ನನ್ನ ಹಾಗೇ, ನನಗಿಂತ ಚೆನ್ನಾಗಿಯೇ. ಟೈಲರ್ ಮಲಗಿದಲ್ಲೇ ನಗೋಕೆ ಶುರು ಮಾಡಿದರು. ನಾನು ನೆಲ ನೋಡುತ್ತಿದ್ದೆ. ಆ ಹೊಸಬರು ಕರವಸ್ತ್ರ ತೆಗೆದು, ಅಯ್ಯೋ ಪಾಪ, ಆಮೇಲೆ ಏನಾಯ್ತು ಅಂತ ಕೇಳಿದರು.

"ಆಮೇಲೇನು" ಅಂದಳು ಅಕ್ಕ. "ಈಗ ಅವಳೇ ಬಕೆಟ್ ಹಿಡ್ಕೊಂಡು ನಿಮ್ಮ ಪಕ್ಕ ನಿಂತಿದ್ದಾಳೆ. ಧೈರ್ಯವಾಗಿ ಮಾಡ್ಕೊಳ್ಳಿ."

ಕೋಣೆಯೆಲ್ಲ ನಕ್ಕಿತು, ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಹೊಸಬರೂ ನಗುನಗುತ್ತಲೇ ವಾಂತಿ ಮಾಡಿಕೊಂಡು, ಹಗುರಾಗಿ ಮಲಗಿದರು.

ಹನ್ನೆರಡರ ಬಸ್ಸಿಗೆ ಅಕ್ಕನ ಜೊತೆ ಹೊರಟ ನನ್ನನ್ನು ಅವಳು ತಡೆದು, ಇನ್ನೂ ಮೂವರು ಮಲಗಿದ್ದಾರೆ, ನೀನಿರು, ನಾನು ಹೋಗ್ತೀನಿ ಅಂದಳು. ಹೋದಳು. ಕಿಟಕಿ ಪಕ್ಕ ಸೀಟು ಸಿಕ್ಕಿತಂತೆ. ಈಚೆಗೆ ಯಾಕೋ ಗಂಟಲು ಕಡಿಯುತ್ತಿಲ್ಲ, ಹವಾ ಬದಲಾದದ್ದಕ್ಕೋ ಏನೋ. ಬಕೆಟ್ ತೊಳೆದು ಬಿಸಿಲಿಗೆ ಬೋರಲು ಹಾಕಿ ಬಂದಿದ್ದೇನೆ. ಮಂಗಳವಾರಕ್ಕೆ ಇನ್ನೊಂದು ಕಂಬಳಿ ಬೇಕು.